ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತ ಮಗ

ಪ್ರಶ್ನೆ: ನಮ್ಮ ಅತ್ತೆ ಬಚ್ಚಲಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆಯಾಗಿ ಒಂದು ತಿಂಗಳು. 19 ವರ್ಷದ ಮಗಳು ಪರೀಕ್ಷೆಯ ನಡುವೆಯೂ ಅಜ್ಜಿಯ ತಲೆ ಬಾಚಿ, ಪಕ್ಕದಲ್ಲೇ ಕುಳಿತು ಓದಿಕೊಳ್ಳುತ್ತಾಳೆ. 21 ವರ್ಷದ ಮಗ ಬಾಗಿಲಲ್ಲೇ ನಿಂತು "ಊಟ ಆಯಿತಾ ಅಜ್ಜಿ?" ಎಂದು ಕೇಳಿ ಹೊರಟುಬಿಡುತ್ತಾನೆ. ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಕರುಳು ಕಡಿಮೆಯೇ, ಮೇಡಂ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಓದಿದಾಗಿನಿಂದ ಆ ಬಾಗಿಲೇ ನನ್ನ ಕಣ್ಣ ಮುಂದಿದೆ. ಒಳಗೆ ಬರಲು ಅವನಿಗೆ ಮನಸ್ಸಿಲ್ಲವೋ, ಬಂದು ಏನು ಮಾಡಬೇಕೆಂದು ತಿಳಿಯದೋ?

ಕಾಲೇಜಿನಲ್ಲಿ 28 ವರ್ಷ ಭೌತಶಾಸ್ತ್ರ ಕಲಿಸಿದವಳು ನಾನು. ಒಮ್ಮೆ ಎರಡನೆಯ ವರ್ಷದ ಹುಡುಗನೊಬ್ಬನ ತಂದೆ ತೀರಿಕೊಂಡರು. ಕಾರ್ಯವೆಲ್ಲ ಮುಗಿಸಿ ಅವನು ಹಾಸ್ಟೆಲಿಗೆ ಮರಳುವಷ್ಟರಲ್ಲಿ ಅವನ ಪ್ರಾಕ್ಟಿಕಲ್ ರೆಕಾರ್ಡ್ ಪೂರ್ತಿಯಾಗಿತ್ತು. ಕೋಣೆಯ ಗೆಳೆಯ ಎರಡು ವಾರ ರಾತ್ರಿ ಕುಳಿತು, ಅವನ ಅಕ್ಷರದ ಓರೆಯನ್ನೇ ಹಿಡಿದು ಬರೆದಿದ್ದ, ಗ್ರಾಫುಗಳನ್ನೂ ಹಾಕಿ ಅಂಟಿಸಿದ್ದ. ಕೈಬರಹ ಬೇರೆಯೆಂದು ನನಗೆ ಗೊತ್ತಾಯಿತು. ಸಹಿ ಮಾಡಿದೆ. ಆದರೆ ಆ ಎರಡು ವಾರದಲ್ಲಿ ರೆಕಾರ್ಡ್ ಬರೆದುಕೊಟ್ಟವನು ಊರಿಗೆ ಹೋದ ಗೆಳೆಯನಿಗೆ ಒಂದು ಸಲವೂ ಫೋನ್ ಮಾಡಿರಲಿಲ್ಲ. ಏಕಪ್ಪಾ ಎಂದರೆ, "ಏನು ಮಾತನಾಡುವುದೆಂದು ತಿಳಿಯಲಿಲ್ಲ, ಮೇಡಂ" ಎಂದ. ತಂದೆಯನ್ನು ಕಳೆದುಕೊಂಡವನು ಇನ್ನೊಂದು ದಿನ ಹೇಳಿದ್ದು ಇದು: "ತರಗತಿಯ ಹುಡುಗಿಯರು ಐದಾರು ಜನ ಫೋನ್ ಮಾಡಿ ವಿಚಾರಿಸಿದರು. ನಾನು ಕಾದಿದ್ದು ಇವನ ಫೋನಿಗೆ." ಇಬ್ಬರ ಮಾತೂ ಇನ್ನೂ ನನ್ನ ಕಿವಿಯಲ್ಲಿದೆ.

ಇತರರ ನೋವು ನಿಮಗೆ ಎಷ್ಟು ತಟ್ಟುತ್ತದೆ ಎಂದು ಪ್ರಶ್ನಾವಳಿ ಕೊಟ್ಟು ಕೇಳಿದರೆ ಸರಾಸರಿಯಲ್ಲಿ ಹೆಣ್ಣುಮಕ್ಕಳ ಅಂಕವೇ ಹೆಚ್ಚು. ಆದರೆ ಮನೋವಿಜ್ಞಾನಿಗಳಾದ ನ್ಯಾನ್ಸಿ ಐಸೆನ್‌ಬರ್ಗ್ ಮತ್ತು ರ‍್ಯಾಂಡಿ ಲೆನನ್ 1983ರಲ್ಲಿ ಅಂಥ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಬಾಯಿಂದ ಬಂದ ಉತ್ತರಗಳಲ್ಲಿದ್ದ ದೊಡ್ಡ ಅಂತರ ದೇಹದ ಸ್ಪಂದನವನ್ನು ಅಳೆದಾಗ ಕಾಣಲಿಲ್ಲ. 2001ರಲ್ಲಿ ಅಮೆರಿಕದ ಕ್ರಿಸ್ಟಿ ಕ್ಲೈನ್ ಮತ್ತು ಸಾರಾ ಹಾಡ್ಜಸ್, ವಿದ್ಯಾರ್ಥಿನಿಯೊಬ್ಬಳು ತನ್ನ ನಿರಾಸೆ ಹೇಳಿಕೊಳ್ಳುವ ವಿಡಿಯೊ ತೋರಿಸಿ, ಅವಳ ಮನಸ್ಸಿನಲ್ಲಿ ಏನಿತ್ತೆಂದು ಊಹಿಸಲು ಕಾಲೇಜು ಹುಡುಗ ಹುಡುಗಿಯರಿಗೆ ಹೇಳಿದರು. ಸರಿಯಾದ ಊಹೆಗೆ ಹಣವಿದೆ ಎಂದಾಗ ಹುಡುಗರು ಹುಡುಗಿಯರ ಸಮಕ್ಕೆ ಬಂದರು. ಅದನ್ನು ಓದಿ ನನಗೆ ಸಮಾಧಾನಕ್ಕಿಂತ ಸಿಟ್ಟು ಹೆಚ್ಚು ಬಂತು. ಬಲ್ಲವರೇ, ಆದರೆ ಮನಸ್ಸು ಕೊಡುವುದಿಲ್ಲ ಎಂದಾಯಿತಲ್ಲ! ಗಂಡುಮಕ್ಕಳೇ ಹಾಗೆ ಎಂದು ದಯವಿಟ್ಟು ಅವನನ್ನು ಬಿಟ್ಟುಬಿಡಬೇಡಿ.

ನೆದರ್ಲೆಂಡ್ಸಿನಲ್ಲಿ 13ರಿಂದ 18ರ ವಯಸ್ಸಿನವರೆಗೆ ಮಕ್ಕಳನ್ನು ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಹುಡುಗರ ಮರುಕ ಹದಿಹರೆಯದ ನಡುವೆ ತಗ್ಗಿ, ಆಮೇಲೆ ಮೊದಲಿನ ಮಟ್ಟಕ್ಕೆ ಮರಳಿತ್ತು. ನಾವೋ, ಅದೇ ವಯಸ್ಸಿನಲ್ಲಿ 'ಅಳುವ ಗಂಡಸನ್ನು ನಂಬಬಾರದು' ಎಂಬ ಗಾದೆಯನ್ನು ಅವರ ಕಿವಿಗೆ ಹಾಕುತ್ತೇವೆ. ಮರುಕವುಳ್ಳ ಗಂಡಸಿಗೂ ನಮ್ಮಲ್ಲಿ ಹೆಂಗರುಳಿನವನು ಎಂದೇ ಹೆಸರು. (ನನಗೆ ಬಹಳ ಪ್ರಿಯವಾದ ಪದ ಅದು. ಹದಿನೈದರ ಹುಡುಗನಿಗೆ ಮಾತ್ರ ಬೈಗುಳದಂತೆ ಕೇಳಿಸುತ್ತದೆ.)

ಒಂದು ಮಾತು ಕೇಳಲೇ? ಅತ್ತೆ ಬಿದ್ದ ದಿನ ಯಾರನ್ನು ಒಳಗೆ ಕರೆದಿರಿ? ಮಗಳನ್ನು ಕರೆದು, ಮಗನನ್ನು ಔಷಧದ ಅಂಗಡಿಗೆ ಕಳಿಸಿದಿರಿ ಎಂದು ನನ್ನ ಊಹೆ. ಇನ್ನು ಔಷಧ ತರಲು ಮಗಳು ಹೋಗಲಿ. ಸಂಜೆ ಅಜ್ಜಿಯನ್ನು ವಾಕರ್ ಹಿಡಿಸಿ ನಡೆಸುವುದು ಅವನ ಕೆಲಸವಾಗಲಿ. ಎಲ್ಲಿ ಆಸರೆ ಕೊಡಬೇಕೆಂದು ಫಿಸಿಯೋಥೆರಪಿಸ್ಟ್ ಅವನಿಗೇ ತೋರಿಸಲಿ. ಹೆಜ್ಜೆಗೊಮ್ಮೆ "ಎಲ್ಲಿ ನೋಯುತ್ತದೆ ಅಜ್ಜಿ?" ಎಂದು ಅವನು ಕೇಳಲೇಬೇಕಾಗುತ್ತದೆ. ಮೊದಲೆರಡು ದಿನ ತಡವರಿಸಿಯಾನು, ಮುಜುಗರ ಪಟ್ಟಾನು. ನೀವು ನಡುವೆ ಹೋಗಬೇಡಿ. ತಿಂಗಳ ಮೇಲೆ ನನಗೆ ಬರೆಯಿರಿ, ನಿಮ್ಮ ಪತ್ರಕ್ಕೆ ಕಾಯುತ್ತಿರುತ್ತೇನೆ.