ಮೊದಲು ಸೀಟು ಎಣಿಸಿ

ಪ್ರಶ್ನೆ: ಮೇಡಂ, ನಮ್ಮ ಹಳೆಯ ಕಾರನ್ನು ಮಾರಿ ಎರಡು ತಿಂಗಳಾಯಿತು. ಈಗ ಎರಡು ಸೆಕೆಂಡ್ ಹ್ಯಾಂಡ್ ಕಾರುಗಳ ನಡುವೆ ಸಿಕ್ಕಿಕೊಂಡಿದ್ದೇವೆ. ಒಂದು 2018ರ ಟೊಯೋಟಾ ಪ್ರಿಯಸ್ ಪ್ರೈಮ್, ಪ್ಲಗ್-ಇನ್ ಹೈಬ್ರಿಡ್, ಅಂದರೆ ಸಾಕೆಟ್‌ಗೆ ಹಾಕಿ ಚಾರ್ಜ್ ಮಾಡಿದರೆ ಕರೆಂಟಿನಲ್ಲಿ, ಅದು ಖಾಲಿಯಾದರೆ ಪೆಟ್ರೋಲಿನಲ್ಲಿ ಓಡುವಂಥದ್ದು. 92,000 ಕಿ.ಮೀ. ಓಡಿದೆ. ಇನ್ನೊಂದು 2020ರ ಹೊಂಡಾ ಫಿಟ್, ಬರೀ ಪೆಟ್ರೋಲ್, 48,000 ಕಿ.ಮೀ. ಬೆಲೆ ಹೆಚ್ಚು ಕಡಿಮೆ ಒಂದೇ. ಕೆಲಸಕ್ಕೆ ಹೋಗಿ ಬರಲು ದಿನಕ್ಕೆ 34 ಕಿ.ಮೀ. ತಿಂಗಳಿಗೊಮ್ಮೆ ನಾವಿಬ್ಬರು, ಇಬ್ಬರು ಮಕ್ಕಳು, ಅಮ್ಮ ಸೇರಿ 420 ಕಿ.ಮೀ. ಓಡಾಟ ಇದ್ದೇ ಇರುತ್ತದೆ. ಬಾಡಿಗೆ ಮನೆ. ಪಾರ್ಕಿಂಗ್ ಜಾಗದಲ್ಲಿ ಸಾಕೆಟ್ ಇಲ್ಲ, ಕೇಳಿದ್ದಕ್ಕೆ ಮಾಲೀಕರು 'ನೋಡೋಣ' ಅಂದಿದ್ದಾರೆ. ಹೆಂಡತಿಗೆ ಪ್ಲಗ್-ಇನ್ ಇಷ್ಟ. ನನಗೆ ಬ್ಯಾಟರಿ ಭಯ. ಫೋಟೋ ನೋಡಿಯೇ ಮುಂಗಡ ಕೊಡಬೇಕು ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮುಂಗಡ ಕೊಡಬೇಡಿ. ಮೊದಲು ಹೋಗಿ ಆ ಪ್ರೈಮ್‌ನ ಹಿಂದಿನ ಬಾಗಿಲು ತೆಗೆದು ಸೀಟು ಎಣಿಸಿ.

ಎರಡೇ ಇರುತ್ತವೆ. ನಡುವೆ ಕುಳಿತುಕೊಳ್ಳುವ ಜಾಗವೇ ಇಲ್ಲ. ಅಲ್ಲಿ ಲೋಟ ಇಡುವ ಗುಳಿ ಮಾಡಿದ್ದಾರೆ. ಈ ಮಾದರಿ 2017ರಲ್ಲಿ ಬಂದಾಗ ನಾಲ್ಕು ಸೀಟಿನ ಕಾರಾಗಿತ್ತು. ಐದನೇ ಸೀಟು ಬಂದದ್ದು 2020ರ ಮಾದರಿಯಿಂದ. ನಿಮ್ಮದು 2018. ಅಮ್ಮನನ್ನು ಎಲ್ಲಿ ಕೂರಿಸುತ್ತೀರಿ? ಫೋಟೋದಲ್ಲಿ ಇದು ಕಾಣುವುದಿಲ್ಲ, ಮಾರುವವರು ಹೇಳುವುದಂತೂ ಇಲ್ಲ.

ಅಲ್ಲಿಗೆ ಆ ಕಾರಿನ ಕಥೆ ಮುಗಿಯಿತು. ಆದರೆ ಪ್ಲಗ್-ಇನ್ ಆಸೆ ಮುಗಿಯಬೇಕಿಲ್ಲ. 2020ರ ಆಚೆಯದು ಸಿಗಬಹುದು, ಬೇರೆ ಕಂಪನಿಯದೂ ಸಿಗಬಹುದು. ಅದಕ್ಕೇ ಉಳಿದ ಮಾತು.

ನಾನು ಹತ್ತೊಂಬತ್ತು ವರ್ಷ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವಳು. ಸೆಕೆಂಡ್ ಹ್ಯಾಂಡ್ ಪ್ಲಗ್-ಇನ್ ಒಂದನ್ನು ಐದು ವರ್ಷ ನಾನೇ ಓಡಿಸಿದ್ದೇನೆ. ಜನ ಬಂದು ಮೈಲೇಜ್ ಎಷ್ಟು ಎಂದು ಕೇಳುತ್ತಾರೆ. ನಾನು ತಿರುಗಿ ಕೇಳುವುದು, ರಾತ್ರಿ ಕಾರು ಎಲ್ಲಿ ಮಲಗುತ್ತದೆ ಅಂತ. ಮಲಗುವ ಜಾಗದಲ್ಲಿ ಸಾಕೆಟ್ ಇದ್ದರೆ ಅದು ಪ್ಲಗ್-ಇನ್ ಕಾರು. ಇಲ್ಲದಿದ್ದರೆ ಭಾರದ ಬ್ಯಾಟರಿಯನ್ನು ಸುಮ್ಮನೆ ಹೊತ್ತು ತಿರುಗುವ ಪೆಟ್ರೋಲ್ ಕಾರು.

ಒಮ್ಮೆ ಮೂರು ವರ್ಷ ಓಡಿದ ಪ್ಲಗ್-ಇನ್ ಒಂದು ಸರ್ವಿಸಿಗೆ ಬಂತು. ಡಿಕ್ಕಿ ತೆಗೆದರೆ ಚಾರ್ಜಿಂಗ್ ಕೇಬಲ್ ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇತ್ತು, ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ. ಅದು ಯಾವುದೋ ಆಫೀಸು ತನ್ನ ನೌಕರನಿಗೆ ಕೊಟ್ಟ ಕಾರು. ಪೆಟ್ರೋಲ್ ಹಣ ಆಫೀಸಿನದು, ಕರೆಂಟ್ ಬಿಲ್ ಮನೆಯದು. ಯಾರು ಪ್ಲಗ್ ಹಾಕುತ್ತಾರೆ ಹೇಳಿ? ಇದು ಒಬ್ಬನ ಕಥೆ ಅಲ್ಲ. 2022ರಲ್ಲಿ ಐಸಿಸಿಟಿ ಎಂಬ ಸಾರಿಗೆ ಸಂಶೋಧನಾ ಸಂಸ್ಥೆ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ ಸೇರಿ ಯುರೋಪಿನ ಪ್ಲಗ್-ಇನ್ ಕಾರುಗಳ ಓಡಾಟದ ಲೆಕ್ಕ ತೆಗೆದವು. ಸ್ವಂತಕ್ಕೆ ಕೊಂಡವರು ಶೇ. 45ರಿಂದ 49ರಷ್ಟು ದೂರವನ್ನು ಕರೆಂಟಿನಲ್ಲಿ ಓಡಿಸುತ್ತಿದ್ದರು. ಕಂಪನಿ ಕೊಟ್ಟ ಕಾರುಗಳಲ್ಲಿ ಅದು ಬರೀ ಶೇ. 11ರಿಂದ 15. ಕಾರು ಅದೇ, ಓಡಿಸುವವರ ಅಭ್ಯಾಸ ಬೇರೆ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ತಿಂಗಳಿಗೆ 22 ದಿನ ಕೆಲಸ ಅಂದುಕೊಂಡರೆ ವರ್ಷಕ್ಕೆ ಸುಮಾರು 9,000 ಕಿ.ಮೀ. ದೂರದ ಓಡಾಟ ಇನ್ನೊಂದು 5,000. ಒಟ್ಟು 14,000. ಅಮೆರಿಕದ ಪರಿಸರ ಇಲಾಖೆಯಾದ ಇಪಿಎ ನಡೆಸುವ ಪರೀಕ್ಷೆಯ ಪ್ರಕಾರ ಫಿಟ್ ಲೀಟರಿಗೆ ಸುಮಾರು 15 ಕಿ.ಮೀ. ಕೊಡುತ್ತದೆ. ಹಾಗಾಗಿ ವರ್ಷಕ್ಕೆ 930 ಲೀಟರ್ ಬೇಕು. ಪ್ರೈಮ್ ಹೊಸದಾಗಿದ್ದಾಗ ಒಂದು ಚಾರ್ಜಿಗೆ 40 ಕಿ.ಮೀ., ಬ್ಯಾಟರಿ ಖಾಲಿಯಾದ ಮೇಲೆ ಲೀಟರಿಗೆ 23. ಹಳೆಯದಾಗಿದೆ ಅಂತ ನಾನು 22 ಹಿಡಿಯುತ್ತೇನೆ. ದಿನಾ ಪ್ಲಗ್ ಹಾಕಿ ಕೆಲಸದ ಓಡಾಟದಲ್ಲಿ 8,000 ಕಿ.ಮೀ. ಕರೆಂಟಿನಲ್ಲೇ ಮುಗಿಸಿದರೆ ವರ್ಷಕ್ಕೆ 270 ಲೀಟರ್ ಪೆಟ್ರೋಲ್ ಮತ್ತು ಸುಮಾರು 1,240 ಯೂನಿಟ್ ಕರೆಂಟ್. ಒಂದು ದಿನವೂ ಪ್ಲಗ್ ಹಾಕದಿದ್ದರೆ 640 ಲೀಟರ್.

ನೀವು ಇಲ್ಲೇ ನನ್ನನ್ನು ಹಿಡಿಯುತ್ತೀರಿ. ಪ್ಲಗ್ ಹಾಕದಿದ್ದರೂ ಪ್ರೈಮ್ ಗೆದ್ದಿತಲ್ಲ ಮೇಡಂ, ಅಂತ. ಹೌದು, ಆದರೆ ಅದು ಆ ಕಾರಿನ ಗುಣ. ಅದು ಹುಟ್ಟಾ ಒಳ್ಳೆಯ ಹೈಬ್ರಿಡ್, ಅಂದರೆ ಓಡುತ್ತಲೇ ತನ್ನ ಬ್ಯಾಟರಿ ತುಂಬಿಕೊಂಡು ಪೆಟ್ರೋಲ್ ಉಳಿಸುವ ಕಾರು. ಪ್ಲಗ್ ಆಮೇಲೆ ಸೇರಿದ್ದು. ಎಲ್ಲ ಪ್ಲಗ್-ಇನ್‌ಗಳೂ ಹಾಗಲ್ಲ. ಮಿತ್ಸುಬಿಷಿ ಔಟ್‌ಲ್ಯಾಂಡರ್‌ನಂಥ ಭಾರದ ಗಾಡಿಯ ಬ್ಯಾಟರಿ ಖಾಲಿಯಾದರೆ ಲೀಟರಿಗೆ 11ರ ಆಸುಪಾಸು. ಮೊದಲ ತಲೆಮಾರಿನ ಷೆವರ್ಲೆ ವೋಲ್ಟ್ 16ರ ಹತ್ತಿರ ಕೊಡುತ್ತದೆ, ಅದೂ ದುಬಾರಿ ಪ್ರೀಮಿಯಂ ಪೆಟ್ರೋಲ್ ಹಾಕಿದರೆ. ಸಾಕೆಟ್ ಇಲ್ಲದ ಮನೆಗೆ ಇವನ್ನು ತಂದರೆ ಫಿಟ್ಟೇ ವಾಸಿ ಅನಿಸುತ್ತದೆ. ಇನ್ನು ಪ್ಲಗ್ ಹಾಕದೆ ಹೈಬ್ರಿಡ್ ಓಡಿಸುವುದಾದರೆ ಪ್ಲಗ್ ಇಲ್ಲದ ಮಾಮೂಲಿ ಹೈಬ್ರಿಡ್ಡನ್ನೇ ಕೊಳ್ಳಬಹುದು, ಅಲ್ವಾ?

ಕರೆಂಟ್ ಅಗ್ಗ ಅಂತ ಕಣ್ಣು ಮುಚ್ಚಿ ನಂಬಬೇಡಿ. ಪ್ರೈಮ್ ಒಂದು ಲೀಟರಿನಲ್ಲಿ ಹೋಗುವ 22 ಕಿ.ಮೀ.ಗೆ ಹೆಚ್ಚು ಕಡಿಮೆ ಮೂರೂವರೆ ಯೂನಿಟ್ ತಿನ್ನುತ್ತದೆ. ನಿಮ್ಮಲ್ಲಿನ ಪೆಟ್ರೋಲ್ ದರವನ್ನು ಮೂರೂವರೆಯಿಂದ ಭಾಗಿಸಿ. ಯೂನಿಟ್ ದರ ಅದಕ್ಕಿಂತ ಕಡಿಮೆ ಇದ್ದರೆ ಪ್ಲಗ್ ಹಾಕಿದಾಗಲೆಲ್ಲ ಲಾಭ. ಮನೆಯ ಮೀಟರಿನಲ್ಲಿ ಸಾಮಾನ್ಯವಾಗಿ ಗೆಲ್ಲುತ್ತೀರಿ. ಹೊರಗಿನ ಚಾರ್ಜಿಂಗ್ ಕೇಂದ್ರಗಳಲ್ಲಿ ಎಷ್ಟೋ ಸಲ ಈ ಲೆಕ್ಕ ತಲೆಕೆಳಗಾಗುತ್ತದೆ. ಆಗ ಪೆಟ್ರೋಲೇ ಅಗ್ಗ.

ಬ್ಯಾಟರಿ ಭಯದ ಬಗ್ಗೆ. ನಿಮ್ಮ ಕಲ್ಪನೆಯಲ್ಲಿ ಅದು ಒಂದು ಬೆಳಿಗ್ಗೆ ಫೋನಿನ ಹಾಗೆ ಸತ್ತು ಬಿದ್ದಿರುತ್ತದೆ. ಹಾಗಾಗುವುದು ಅಪರೂಪ. ಸಾಮಾನ್ಯವಾಗಿ ದೂರ ಕುಗ್ಗುತ್ತಾ ಹೋಗುತ್ತದೆ. 40 ಇದ್ದದ್ದು 36 ಆಗುತ್ತದೆ, 33 ಆಗುತ್ತದೆ. ಚಳಿಯಲ್ಲಿ ಹೀಟರ್ ಹಾಕಿದರೆ ಇನ್ನೂ ಕಡಿಮೆ. ಜೋರಾಗಿ ಓಡಿಸಿದರೂ ಅಷ್ಟೇ. ಕೆಲವು ಕಂಪನಿಗಳು ಬ್ಯಾಟರಿಯನ್ನು ಪೂರ್ತಿ ಬಳಸಲು ಬಿಡುವುದೇ ಇಲ್ಲ. ಮೊದಲ ವೋಲ್ಟ್‌ನ ಬ್ಯಾಟರಿ 16 ಯೂನಿಟ್‌ನದು, ಬಳಕೆಗೆ ಬಿಟ್ಟದ್ದು ಸುಮಾರು 10. ಅದನ್ನು ತಣ್ಣಗಿಡಲು ದ್ರವ ಹರಿಯುವ ಕೊಳವೆಗಳನ್ನೂ ಹಾಕಿದ್ದರು. ಹಳೆಯ ವೋಲ್ಟ್‌ಗಳು ಗಟ್ಟಿಯಾಗಿ ಉಳಿದಿರುವುದರ ಹಿಂದೆ ಈ ಎರಡು ಕಾರಣಗಳಿವೆ. ಬಹಳ ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ಗ್ಯಾರಂಟಿ ಕೊಡುತ್ತವೆ. ಅದು ಲೆಕ್ಕಕ್ಕೆ ಹಿಡಿಯುವುದು ಮೊದಲ ಮಾಲೀಕ ಕೊಂಡ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಮೀಟರ್ ನೋಡಿ 'ಇನ್ನೂ 70,000 ಬಾಕಿ ಇದೆ' ಎಂದು ಖುಷಿಪಡಬೇಡಿ. ವರ್ಷ ಮೊದಲು ಮುಗಿದರೆ ಅಲ್ಲಿಗೆ ಮುಗಿಯಿತು.

ನೋಡಲು ಹೋಗುವ ಮೊದಲು ಮಾರುವವರಿಗೆ ಒಂದೇ ಮಾತು ಹೇಳಿ: ರಾತ್ರಿಯಿಡೀ ಪ್ಲಗ್ ಹಾಕಿ ಪೂರ್ತಿ ಚಾರ್ಜ್ ಮಾಡಿಡಿ. 'ಕೇಬಲ್ ಎಲ್ಲೋ ಇದೆ ಹುಡುಕಬೇಕು' ಅಂದರೆ ನಿಮಗೆ ಅರ್ಧ ಉತ್ತರ ಸಿಕ್ಕಿತು. ಕಾರಿನ ಪರದೆ ತೋರಿಸುವ ದೂರವನ್ನು ನಂಬಬೇಡಿ. ಹಿಂದಿನವರು ಓಡಿಸಿದ ರೀತಿಯನ್ನು ನೋಡಿ ಅದು ಅಂದಾಜು ಹೇಳುತ್ತದೆ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ, ನೀವು ದಿನಾ ಓಡಿಸುವ ಹಾಗೆಯೇ ಓಡಿಸಿ, ಬ್ಯಾಟರಿ ಖಾಲಿಯಾಗಿ ಇಂಜಿನ್ ಶುರುವಾಗುವ ತನಕ. ಅಲ್ಲಿ ಎಷ್ಟು ಕಿ.ಮೀ. ಇದೆಯೋ ಅದೇ ಆ ಬ್ಯಾಟರಿಯ ನಿಜವಾದ ವಯಸ್ಸು. ನಿಮಗೆ 34 ಬೇಕು. 30 ಬಂದರೂ ಪರವಾಗಿಲ್ಲ, ಉಳಿದ ನಾಲ್ಕನ್ನು ಪೆಟ್ರೋಲ್ ನೋಡಿಕೊಳ್ಳುತ್ತದೆ. 20 ಬಂದರೆ ಎದ್ದು ಬನ್ನಿ. ಚಾರ್ಜ್ ಮಾಡುವ ತೂತಿನಲ್ಲಿ ಸುಟ್ಟ ಕಲೆ ಇದೆಯಾ ನೋಡಿ. ಬ್ಯಾಟರಿಯನ್ನು ಗಾಳಿಯಿಂದ ತಣಿಸುವ ಕಾರಾದರೆ ಗಾಳಿ ಎಳೆಯುವ ಜಾಲರಿ ಹಿಂದಿನ ಸೀಟಿನ ಹತ್ತಿರ ಇರುತ್ತದೆ. ಅಲ್ಲಿ ನಾಯಿಕೂದಲು, ಧೂಳು ಕಟ್ಟಿದ್ದರೆ ಒಳಗಿನ ಬ್ಯಾಟರಿ ಸೆಕೆಯಲ್ಲಿ ಬೆಂದಿದೆ ಎಂದೇ ಅಂದುಕೊಳ್ಳಿ. ಆಯಿಲ್ ಬದಲಿಸಿದ ತಾರೀಖು ಕೇಳಿ. ಇಂಜಿನ್ ಓಡಿಲ್ಲ, ಆಯಿಲ್ ಯಾಕೆ ಬದಲಿಸಬೇಕು ಅನ್ನುವವರಿದ್ದಾರೆ. ನಿಂತ ಆಯಿಲೂ ಹಾಳಾಗುತ್ತದೆ.

ನನ್ನದೇ ಮರ್ಯಾದೆ ಹೋದ ಕಥೆ ಒಂದಿದೆ. ಕಾರು ಕೊಂಡ ಮೊದಲ ವರ್ಷ ಹದಿನೆಂಟು ದಿನ ಮನೆಯಲ್ಲಿ ಇರಲಿಲ್ಲ. ವಾಪಸ್ ಬಂದರೆ ಕಾರು ಮಿಸುಕಲಿಲ್ಲ. ಬಾಗಿಲೂ ತೆರೆಯಲಿಲ್ಲ. ದೊಡ್ಡ ಬ್ಯಾಟರಿ ಚೆನ್ನಾಗಿಯೇ ಇತ್ತು. ಸತ್ತದ್ದು 12 ವೋಲ್ಟಿನ ಚಿಕ್ಕದು. ಲಾಕ್, ಲೈಟು, ಕಂಪ್ಯೂಟರ್ ಎಲ್ಲ ಎಚ್ಚರವಾಗಬೇಕಾದರೆ ಆ ಚಿಕ್ಕದೇ ಬೇಕು. ಅದು ಇದ್ದದ್ದು ಡಿಕ್ಕಿಯೊಳಗೆ, ಡಿಕ್ಕಿ ತೆರೆಯಲು ಕರೆಂಟ್ ಬೇಕು! ಕೀ ಒಳಗೆ ಅಡಗಿರುವ ಲೋಹದ ಕೀಯಿಂದ ಮುಂದಿನ ಬಾಗಿಲು ತೆಗೆದು, ಹಿಂದಿನ ಸೀಟು ಮಡಚಿ, ಹೊಟ್ಟೆಯ ಮೇಲೆ ತೆವಳಿ ಹೋದೆ. ಹತ್ತೊಂಬತ್ತು ವರ್ಷದ ಅನುಭವ ಕಾರಿನೊಳಗೆ ತೆವಳುತ್ತಿದ್ದದ್ದನ್ನು ಪಕ್ಕದ ಮನೆಯ ಹುಡುಗ ನಿಂತು ನೋಡಿದ. ಆ ಚಿಕ್ಕ ಬ್ಯಾಟರಿಗೆ ನಾಲ್ಕೈದು ವರ್ಷ ಆಗಿದ್ದರೆ ಕೊಂಡ ದಿನವೇ ಬದಲಿಸಿಬಿಡಿ.

ಫಿಟ್ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೇ ಅದರ ಹೆಚ್ಚುಗಾರಿಕೆ. ಯಾವ ಮೆಕ್ಯಾನಿಕ್ ಆದರೂ ಬಾನೆಟ್ ತೆಗೆದು ನೋಡುತ್ತಾನೆ. ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟುಗಳ ಕೆಳಗಿದೆ. ಅದರಿಂದ ಹಿಂದಿನ ಸೀಟಿನ ಕೂರುವ ಭಾಗವನ್ನು ಮೇಲೆತ್ತಿ ಸೈಕಲ್ಲನ್ನೂ ನಿಲ್ಲಿಸಬಹುದು. ಪ್ರೈಮ್‌ನಲ್ಲಿ ಬ್ಯಾಟರಿ ಡಿಕ್ಕಿಯ ನೆಲವನ್ನೇ ಮೇಲೆ ಎತ್ತಿದೆ, ಸ್ಟೆಪ್ನಿಯೂ ಇಲ್ಲ. ಪಂಕ್ಚರ್ ಆದರೆ ಅಂಟು ತುಂಬುವ ಡಬ್ಬಿ ಕೊಡುತ್ತಾರೆ. ಮಕ್ಕಳು, ಅಮ್ಮ, ರಾತ್ರಿ, ಪಂಕ್ಚರ್, ಕೈಯಲ್ಲಿ ಅಂಟಿನ ಡಬ್ಬಿ. ಯೋಚಿಸಿ.

ನಿಮ್ಮ ಮನೆಯ ಮಾಲೀಕರ 'ನೋಡೋಣ' ಇದೆಯಲ್ಲ, ಅದಕ್ಕೆ ಕೇಬಲ್ ಚುಚ್ಚಲು ಆಗುವುದಿಲ್ಲ. ಖರ್ಚು ನೀವೇ ಹಾಕುತ್ತೀರಿ, ಬೇರೆ ಮೀಟರ್ ಕೂಡಿಸುತ್ತೀರಿ ಅಂತ ಹೇಳಿ ನೋಡಿ. ಒಪ್ಪಿ ಬರೆದುಕೊಟ್ಟರೆ ಐದು ಸೀಟಿನ ಪ್ಲಗ್-ಇನ್ ಹುಡುಕಿ, ನಿಮ್ಮ ಹೆಂಡತಿಯ ಆಯ್ಕೆಯೇ ಸರಿ. ಒಪ್ಪದಿದ್ದರೆ ಫಿಟ್ ತೆಗೆದುಕೊಳ್ಳಿ. ಅದನ್ನೂ ಓಡಿಸಿ ನೋಡಿಯೇ, ಫೋಟೋ ನೋಡಿ ಅಲ್ಲ.

ಪ್ರಶ್ನೆ: ಪಾರ್ಕಿಂಗ್‌ನಲ್ಲಿ ಸಾಕೆಟ್ ಇಲ್ಲ. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಇಳಿಬಿಟ್ಟು ಚಾರ್ಜ್ ಮಾಡಿದರೆ ಆಗುತ್ತಾ?

ಉತ್ತರ: ಬೇಡ. ಟಿವಿ, ಫೋನಿಗೆ ಮಾಡಿದ ಬಾಕ್ಸ್ ಅದು. ಕಾರು ಗಂಟೆಗಟ್ಟಲೆ ಒಂದೇ ಸಮ ಕರೆಂಟ್ ಎಳೆಯುತ್ತದೆ. ಪ್ರೈಮ್‌ನಂಥ ಚಿಕ್ಕ ಬ್ಯಾಟರಿಗೂ 240 ವೋಲ್ಟಿನಲ್ಲಿ ಎರಡು ಗಂಟೆಗಿಂತ ಜಾಸ್ತಿ, 120 ವೋಲ್ಟಿನ ದೇಶಗಳಲ್ಲಿ ಐದೂವರೆ ಗಂಟೆ ಬೇಕು. ಸುರುಳಿ ಸುತ್ತಿದ ವೈರ್ ಇನ್ನೂ ಬೇಗ ಕಾಯುತ್ತದೆ. ಮೀಟರ್ ಬೋರ್ಡಿನಿಂದ ಬೇರೆ ಲೈನ್ ಎಳೆಸಿ, ಅರ್ಥಿಂಗ್ ನೋಡಿಸಿ, ಎಲೆಕ್ಟ್ರಿಷಿಯನ್ನಿಂದ ಸರಿಯಾದ ಸಾಕೆಟ್ ಹಾಕಿಸಿಕೊಳ್ಳಿ. ಮೊದಲ ಒಂದು ವಾರ ಅರ್ಧ ಗಂಟೆಗೊಮ್ಮೆ ಪ್ಲಗ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಾದರೆ ಆಫ್ ಮಾಡಿ, ಅವರನ್ನೇ ವಾಪಸ್ ಕರೆಸಿ.

ಪ್ರಶ್ನೆ: ನನ್ನ ಹತ್ತಿರ ಹಳೆಯ ಷೆವರ್ಲೆ ವೋಲ್ಟ್ ಇದೆ. ಓಡಾಟ ಕಡಿಮೆ, ದಿನಾ ಪ್ಲಗ್ ಹಾಕುತ್ತೇನೆ, ತಿಂಗಳುಗಟ್ಟಲೆ ಪೆಟ್ರೋಲ್ ಬಳಸಿಲ್ಲ. ಮೊನ್ನೆ ಬ್ಯಾಟರಿ ತುಂಬಿದ್ದರೂ ಇಂಜಿನ್ ತಾನಾಗಿಯೇ ಶುರುವಾಯಿತು. ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ, ಮೈ ಮುರಿಯುತ್ತಿದೆ ಅಷ್ಟೇ. ಸುಮಾರು ಆರು ವಾರ ಇಂಜಿನ್ ಓಡದಿದ್ದರೆ ಕಾರೇ ನಿಮ್ಮನ್ನು ಕೇಳಿ ಕೆಲವು ನಿಮಿಷ ಓಡಿಸುತ್ತದೆ, ಒಳಗಿನ ಭಾಗಗಳಿಗೆ ಆಯಿಲ್ ಹರಿಯಲಿ ಅಂತ. ಬೇಡ ಅಂದರೂ ಹೆಚ್ಚು ದಿನ ಸುಮ್ಮನಿರುವುದಿಲ್ಲ. ಟ್ಯಾಂಕಿನಲ್ಲಿರುವ ಪೆಟ್ರೋಲಿಗೆ ವರ್ಷವಾಯಿತು ಎಂದು ಅದಕ್ಕೆ ಅನಿಸಿದರೆ ಇನ್ನೊಂದು ಹಟ ಹಿಡಿಯುತ್ತದೆ. ಹಳೆಯದನ್ನು ಉರಿಸುತ್ತಲೇ ಇರುತ್ತದೆ, ಇಲ್ಲವೇ ನೀವು ಹೊಸದನ್ನು ಹಾಕಬೇಕು. ನಿಮ್ಮಂಥವರು ಟ್ಯಾಂಕ್ ತುಂಬಿಸಬೇಡಿ. ಕಾಲು ಭಾಗ ಇಟ್ಟುಕೊಂಡರೆ ಹೊಸ ಪೆಟ್ರೋಲಿಗೆ ಜಾಗ ಇರುತ್ತದೆ. ಬಂಕಿಗೆ ಹೋದಾಗ ಮುಚ್ಚಳ ತೆರೆಯುವ ಗುಂಡಿ ಒತ್ತಿ ಸ್ವಲ್ಪ ಕಾಯಿರಿ. ಟ್ಯಾಂಕಿನ ಒಳಗೆ ಒತ್ತಡ ಕಟ್ಟಿರುತ್ತದೆ, ಅದು ಇಳಿದ ಮೇಲೆಯೇ ತೆರೆಯುತ್ತದೆ. ಹಿಂದಿನ ಕಾರಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ ಬಿಡಿ.