ಹಳೇ ಹಳಿ ಪಕ್ಕದಲ್ಲೇ ಹಾಕಿದರೆ ಅಗ್ಗ ಅಲ್ವಾ?

ಮಂಡ್ಯದ ಹತ್ತಿರ ಬುಲೆಟ್ ರೈಲಿನ ಹಳಿಯನ್ನು ಈಗಿನ ಹಳಿಯ ಪಕ್ಕದಲ್ಲೇ ಹಾಕಿದರೆ ಖರ್ಚು ಉಳಿಯಲ್ವಾ, ಕಂಬಗಳ ಮೇಲೆ ಯಾಕೆ ಅಂತ ಕೇಳಿದ್ದೀರಿ.

ಉಳಿಯುತ್ತೆ, ಆದರೆ ಹಳಿ ನೆಟ್ಟಗಿರುವ ಕಡೆ ಮಾತ್ರ. ವೇಗ ಎರಡು ಪಟ್ಟಾದರೆ ತಿರುವಿನ ತ್ರಿಜ್ಯ ನಾಲ್ಕು ಪಟ್ಟು ಬೇಕು. ಜಪಾನಿನವರು 1964ರ ಟೊಕೈಡೊ ಬುಲೆಟ್ ರೈಲು ಮಾರ್ಗಕ್ಕೆ 2,500 ಮೀಟರ್ ತ್ರಿಜ್ಯ ಸಾಕು ಅಂದುಕೊಂಡರು, ಮುಂದಿನ ಸಾನ್ಯೊ ಮಾರ್ಗಕ್ಕೆ 4,000 ಇಟ್ಟರು. ಶ್ರೀರಂಗಪಟ್ಟಣದಲ್ಲಿ ಮಾಮೂಲಿ ಜೋಡಿ ಹಳಿಗೇ ಜಾಗ ಸಾಲದೆ 2017ರಲ್ಲಿ ಟಿಪ್ಪುವಿನ ಶಸ್ತ್ರಾಗಾರವನ್ನು ಇಡಿಯಾಗಿ ಪಕ್ಕಕ್ಕೆ ಸರಿಸಿದರು. ಅಂಥ ಕಡೆ ದೊಡ್ಡ ತಿರುವು ಎಲ್ಲಿ ಹಿಡಿಸುತ್ತೆ ಹೇಳಿ.

ಇನ್ನು ಕಂಬ. ಕಂಬದ ಬದಲು ಮಣ್ಣಿನ ಏರಿ ಹಾಕಿದರೆ ಅಗ್ಗ ಅಂತ ಮೇಲ್ನೋಟಕ್ಕೆ ಕಾಣುತ್ತೆ. 10 ಮೀಟರ್ ಎತ್ತರದ ಏರಿಗೆ 1ಕ್ಕೆ 2ರ (1 ಮೀಟರ್ ಎತ್ತರಕ್ಕೆ 2 ಮೀಟರ್ ಅಗಲ) ಇಳಿಜಾರು ಕೊಟ್ಟರೆ, ಎರಡೂ ಬದಿ ಸೇರಿ 40 ಮೀಟರ್ ಗದ್ದೆ ಬರೀ ಇಳಿಜಾರಿಗೇ ಹೋಗುತ್ತೆ. ಜೊತೆಗೆ ಪ್ರತಿ ನಾಲೆಗೂ, ಪ್ರತಿ ಗಾಡಿದಾರಿಗೂ ಸೇತುವೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಇವಕ್ಕೇನು ಬರವೇ? ತಗ್ಗಿನ ಏರಿಯಾದರೆ ಲೆಕ್ಕ ಬೇರೆ, ಅಲ್ಲಿ ಮಣ್ಣೇ ಗೆಲ್ಲಬಹುದು.

ನಿಜವಾದ ಉಳಿತಾಯ ನೋಡಬೇಕಾದರೆ 1981ರಲ್ಲಿ ಶುರುವಾದ ಪ್ಯಾರಿಸ್–ಲಿಯೋನ್ ಮಾರ್ಗ ನೋಡಿ. ಗೂಡ್ಸ್ ಗಾಡಿ ಬೇಡ ಅಂದರು. ಹಾಗಾಗಿ 1,000 ಮೀಟರಿಗೆ 35 ಮೀಟರ್ ಏರು ಕೊಡಲು ಆಯ್ತು, ಸುರಂಗ ಒಂದೂ ಬೇಕಾಗಲಿಲ್ಲ. ಊರೊಳಗೆ ಹಳೇ ಹಳಿಯನ್ನೇ ಬಳಸಿಕೊಂಡರು. ನಿಮ್ಮ ಉಪಾಯ ಅಲ್ಲಿ ನಡೆಯಿತು, ಯಾಕಂದರೆ ಎರಡೂ ಹಳಿಗಳ ಅಗಲ ಒಂದೇ. ನಮ್ಮದು ಬ್ರಾಡ್‌ಗೇಜ್, ಬುಲೆಟ್ ರೈಲಿನದು ಸ್ಟ್ಯಾಂಡರ್ಡ್ ಗೇಜ್. ಮೈಸೂರು ಸ್ಟೇಷನ್ನಿನ ಈಗಿನ ಹಳಿ ಮೇಲೆ ಅದು ಓಡಲ್ಲ.