ಹಣವಿರುವ ಫುಟ್‌ಬಾಲ್ ಕ್ಲಬ್‌ನಲ್ಲಿ ಅಕಾಡೆಮಿ (ಕ್ಲಬ್‌ನದೇ ತರಬೇತಿ ಶಾಲೆ) ಹುಡುಗರಿಗೆ ಮೊದಲ ತಂಡದ ಅವಕಾಶ ಏಕೆ ಕಡಿಮೆ?

ಪ್ರತಿಭೆ ಸಾಲದು ಎಂಬುದು ಅರ್ಧಸತ್ಯ. ಲಂಡನ್ನಿನ ಕ್ಲಬ್ ಚೆಲ್ಸಿಯನ್ನೇ ನೋಡಿ. 2019ರಲ್ಲಿ ಹೊಸ ಆಟಗಾರರನ್ನು ನೋಂದಾಯಿಸದಂತೆ ಫುಟ್‌ಬಾಲ್‌ನ ವಿಶ್ವ ಸಂಸ್ಥೆ ಫಿಫಾ ಆ ಕ್ಲಬ್‌ಗೆ ನಿಷೇಧ ಹೇರಿತು. ಬೇರೆ ದಾರಿ ಕಾಣದೆ ತರಬೇತುದಾರ ಫ್ರಾಂಕ್ ಲ್ಯಾಂಪಾರ್ಡ್ ಅವರು ಮೇಸನ್ ಮೌಂಟ್, ಟ್ಯಾಮಿ ಅಬ್ರಹಾಂ, ರೀಸ್ ಜೇಮ್ಸ್ ಅವರಂತಹ ಅಕಾಡೆಮಿ ಹುಡುಗರನ್ನು ಕಣಕ್ಕಿಳಿಸಿದರು. ತಂಡ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನಲ್ಲಿ ನಾಲ್ಕನೇ ಸ್ಥಾನ ಪಡೆದು, ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ಗೆ ಅರ್ಹತೆ ಗಳಿಸಿತು. ಹುಡುಗರು ರಾತ್ರೋರಾತ್ರಿ ಬದಲಾಗಲಿಲ್ಲ. ಆ ಬಾರಿ ಅವರ ಮುಂದೆ ದುಬಾರಿ ಹೆಸರುಗಳ ಹೊಸ ಸಾಲು ಬಂದು ನಿಲ್ಲಲಿಲ್ಲ, ಅಷ್ಟೇ.

ಇನ್ನೊಂದು ಕಾರಣ ಲೆಕ್ಕಪುಸ್ತಕದಲ್ಲಿದೆ, ನನಗೆ ಅದೇ ಹೆಚ್ಚು ಬೇಸರ ತರಿಸುವುದು. ಕೊಂಡ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಬರೆಯುತ್ತಾರೆ: 5 ವರ್ಷದ ಒಪ್ಪಂದಕ್ಕೆ 5 ಕೋಟಿ ಪೌಂಡ್ ಕೊಟ್ಟರೆ ವರ್ಷಕ್ಕೆ 1 ಕೋಟಿ ವೆಚ್ಚ. ಅಕಾಡೆಮಿಯಲ್ಲೇ ಬೆಳೆದವನಿಗೆ ಖರೀದಿ ಬೆಲೆಯೇ ಇಲ್ಲ. ಆದ್ದರಿಂದ ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ನಷ್ಟಕ್ಕೆ ಪ್ರೀಮಿಯರ್ ಲೀಗ್ ಮಿತಿ ಹಾಕಿದ ಮೇಲಂತೂ ಈ ಆಮಿಷ ಬಲವಾಯಿತು. ಒಪ್ಪಂದ ನವೀಕರಣದ ಜಗ್ಗಾಟವೂ ಸೇರಿಕೊಂಡು, ಮೌಂಟ್ 2023ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಪಾಲಾದರು.